ಎಡಗಡೆಯ ಪುಟ

ಮಾರ್ಚ್ ೩, ಸೋಮವಾರ

ಈ ನೋಟುಪುಸ್ತಕ ಮಗಳದು. ಎಂಟನೇ ಕ್ಲಾಸಿನಲ್ಲಿದ್ದಾಗ ನಾಲ್ಕು ಹಾಳೆ ತ್ರಿಕೋನದ ಲೆಕ್ಕ ಬರೆದು ಬಿಟ್ಟಿದ್ದಾಳೆ. ಹರಿದು ಹಾಕಲು ಮನಸ್ಸಾಗಲಿಲ್ಲ. ಐದನೇ ಹಾಳೆಯಿಂದ ನಾನು ಬರೆಯುತ್ತಿದ್ದೇನೆ. ಜನಕ್ಕೆ ಹೇಳಿದರೆ ಆಡಿಕೊಳ್ಳುತ್ತಾರೆ, ದೇವರಿಗೆ ಹೇಳಿ ಆಯಿತು, ಇನ್ನು ಉಳಿದದ್ದು ಕಾಗದ.

ಇವತ್ತು ಮಗಳ ಜೊತೆ ಆಸ್ಪತ್ರೆಗೆ ಹೋಗಿದ್ದೆ. ಚೊಚ್ಚಲು ಬಸುರಿ, ಇಪ್ಪತ್ತೊಂಬತ್ತನೇ ವಾರ. ದಪ್ಪ ಕನ್ನಡಕದ ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, "ಸ್ವಲ್ಪ ಜಾಸ್ತಿ ಇದೆ" ಅಂದರು. ಅಂದದ್ದು ಅಷ್ಟೇ. ಹೆರಿಗೆ ನೋವಿನಲ್ಲೇ ತೀರಿಹೋದ ನಮ್ಮಕ್ಕ ಕಣ್ಣ ಮುಂದೆ ಬಂದು ನಿಂತಳು. "ಅಯ್ಯೋ ದೇವರೇ, ಇವಳನ್ನಾದರೂ ನನಗೆ ಬಿಡಪ್ಪಾ" ಎಂದು ಅಲ್ಲೇ ಕೂಗಿಬಿಟ್ಟೆ. ಬೆಂಚಿನ ಮೇಲೆ ಸಾಲಾಗಿ ಕೂತಿದ್ದ ಬಸುರಿಯರೆಲ್ಲ ತಿರುಗಿ ನೋಡಿದರು. ಅದರಲ್ಲೊಬ್ಬಳು ತಾನೂ ಅಳಲು ಶುರುಮಾಡಿದಳು. ಪಾಪ, ಅವಳಿಗೆ ಏನೂ ಆಗಿರಲಿಲ್ಲ.

ನರ್ಸಮ್ಮ ನನ್ನನ್ನು ಹೊರಗೆ ಕೂರಿಸಿದರು. ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ ಬಾಗಿಲಿಗೆ ಬಂದರು.

"ನೋಡಿಮ್ಮಾ, ನೀವು ಒಳಗಿದ್ದಾಗ ನೂರಾ ಐವತ್ತೆರಡು. ಹೊರಗೆ ಬಂದ ಮೇಲೆ ನೂರಾ ಮೂವತ್ತೆಂಟು. ಆ ಹದಿನಾಲ್ಕು ನಿಮ್ಮ ಪಾಲು."

ಬಸ್ಸು ಇಳಿದು ಮಗಳನ್ನು ಅವಳ ಮನೆಯವರೆಗೆ ಬಿಡಲು ಹೋದೆ. ಮನೆ ಬಾಗಿಲಲ್ಲಿ ನಿಂತು ಹೇಳಿದಳು, "ಅಮ್ಮ, ಹೆರಿಗೆ ಹೊತ್ತಿಗೆ ಒಳಗೆ ಒಬ್ಬರನ್ನ ಬಿಡ್ತಾರಂತೆ. ನೀನು ಬೇಡ. ಸದ್ಯಕ್ಕೆ ಮನೆಗೂ ಬರಬೇಡ. ನನ್ನ ಹೆದರಿಕೆಯೇ ನನಗೆ ಬೇಕಾದಷ್ಟಿದೆ, ನಿಂದೂ ಹೊರೋಕೆ ಆಗಲ್ಲ."

ಅವಳು ಕೋಪ ಮಾಡಿಕೊಂಡಿದ್ದರೆ ನಾನೂ ಎರಡು ಮಾತಾಡುತ್ತಿದ್ದೆ. ಅವಳು ಮೆತ್ತಗೆ ಹೇಳಿದಳು.

ಮಾರ್ಚ್ ೫, ಬುಧವಾರ

ಹೋಗಲಿಲ್ಲ. ಅವಳೂ ಕರೆಯಲಿಲ್ಲ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಎರಡೇ ಬೀದಿ.

ದೇವರಿಗೆ ಹರಕೆಗಳನ್ನು ಒಪ್ಪಿಸಿದೆ. ಒಂದು ಹೊತ್ತಿನ ಊಟ ಬಿಡುತ್ತೇನೆ, ಸಿಹಿ ಬಿಡುತ್ತೇನೆ, ಬರಿಗಾಲಲ್ಲಿ ನಡೆಯುತ್ತೇನೆ ಎಂದೆ. ಆರನೆಯದು ಹೇಳುವಾಗ ಮೊದಲನೆಯದು ಮರೆತಿತ್ತು. ಭಗವಂತ ಬರೆದಿಟ್ಟುಕೊಂಡಿರುತ್ತಾನೆ.

ಮಾರ್ಚ್ ೧೧, ಮಂಗಳವಾರ

ಬರೆಯಲು ನಾಚಿಕೆ. ಹನ್ನೆರಡು ವರ್ಷದಿಂದ ಬೇಕರಿಯಲ್ಲಿ ತೂಕ ಹಾಕುವ ಕೆಲಸ ನನ್ನದು. ಒಂದು ದಿನವೂ ಹೀಗೆ ಆಗಿರಲಿಲ್ಲ.

ನಮ್ಮಲ್ಲಿ ತಕ್ಕಡಿಯ ಎಡಕ್ಕೊಂದು ಮೇಜು, ಬಲಕ್ಕೊಂದು ಮೇಜು. ಸಕ್ಕರೆ, ಉಪ್ಪು, ಯೀಸ್ಟು, ಎಣ್ಣೆ ಒಂದೊಂದನ್ನೂ ತೂಗಿ ಬೋಗುಣಿಯಲ್ಲಿ ಎಡಗಡೆ ಇಡಬೇಕು. ಕಲಸುವ ಮೆಷಿನ್ನಿಗೆ ಸುರಿದ ಮೇಲೆ ಖಾಲಿ ಬೋಗುಣಿ ಬಲಗಡೆ. ಎಡಗಡೆ ಇದ್ದರೆ ಇನ್ನೂ ಹಾಕದ್ದು, ಬಲಗಡೆ ಇದ್ದರೆ ಹಾಕಿ ಆದದ್ದು. ಬೇಕರಿಗೆ ಸೇರಿದ ಮೊದಲನೇ ದಿನ ಹೇಳಿಕೊಡುವುದು ಇದನ್ನೇ.

ಇವತ್ತು ಬೆಳಿಗ್ಗೆ ಕೈ ಇಲ್ಲಿ, ಜೀವ ಮಗಳ ಮನೆಯಲ್ಲಿ. ಉಪ್ಪು ಸುರಿದವಳು ಬೋಗುಣಿಯನ್ನು ಎಡಗಡೆಗೇ ಇಟ್ಟೆ. ತಿರುಗಿ ನೋಡಿದರೆ ಎಡಗಡೆ ಖಾಲಿ ಬೋಗುಣಿ. ಅಯ್ಯೋ ಉಪ್ಪು ತೂಗೇ ಇಲ್ಲವಲ್ಲ ಎಂದು ಅರ್ಧ ಕಿಲೋ ತೂಗಿ ಮತ್ತೆ ಸುರಿದೆ. ಹಿಟ್ಟು ಉಬ್ಬಲೇ ಇಲ್ಲ, ಮುದ್ದೆಯಾಗಿ ಕೂತಿತ್ತು. ಬೇಕರಿಯ ಕೆಲಸವೆಲ್ಲ ನೋಡಿಕೊಳ್ಳುವ ಮೇಸ್ತ್ರಿ ಚಿಟಿಕೆ ಹಿಟ್ಟು ಬಾಯಿಗಿಟ್ಟು ಮುಖ ಹಿಂಡಿದರು. ತೊಂಬತ್ತು ಬ್ರೆಡ್ಡಿನ ಹಿಟ್ಟು ತಿಪ್ಪೆಗೆ ಹೋಯಿತು. ಆಸ್ಪತ್ರೆಗೆ ಹೋಗಬೇಕಾದ ಬ್ರೆಡ್ಡು ಎರಡು ಗಂಟೆ ತಡ.

ಬೈಯಲಿಲ್ಲ ಅವರು. ಬೈದಿದ್ದರೆ ಚೆನ್ನಾಗಿತ್ತು.

ಮಾರ್ಚ್ ೧೨, ಬುಧವಾರ

ಟೀ ಹೊತ್ತಿಗೆ ಮೇಸ್ತ್ರಿ ಪಕ್ಕದಲ್ಲಿ ಬಂದು ಕೂತರು. ಅರವತ್ತು ದಾಟಿದವರು, ಹುಬ್ಬಿನ ಮೇಲೆ ಸದಾ ಮೈದಾ. "ಏನಾಯ್ತು ತಾಯಿ?" ಅಂದರು. ತಡೆಯಲಾಗದೆ ಎಲ್ಲ ಹೇಳಿಕೊಂಡೆ. ಮಗಳಿಗೆ ಹೀಗಾದರೆ, ಮಗುವಿಗೆ ಹಾಗಾದರೆ, ಅಳಿಯಂದಿರು ಲಾರಿ ತೆಗೆದುಕೊಂಡು ದೂರ ಹೋದಾಗಲೇ ನೋವು ಬಂದರೆ...

"ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರನ್ನ ಕಂಡಿದ್ದೀನಿ" ಅಂದರು ಮೇಸ್ತ್ರಿ. "ನೀವು ಕೂಸು ಹುಟ್ಟೋಕೆ ಮುಂಚೆ ಅಳೋದನ್ನೂ ಮುಗಿಸ್ತಾ ಇದ್ದೀರಲ್ಲ!"

ನನಗೆ ಕೋಪ ಬಂತು. "ನಿಮಗೇನು ಗೊತ್ತು, ಹೆತ್ತ ಹೊಟ್ಟೆ ಸಂಕಟ" ಅಂದೆ.

"ಗೊತ್ತಿಲ್ಲ. ನನಗೆ ಗೊತ್ತಿರೋದು ಹಿಟ್ಟು ಒಂದೇ" ಅಂದರು. "ನಿನ್ನೆ ಉಪ್ಪು ಎರಡು ಸಲ ಯಾಕೆ ಬಿತ್ತು? ಹಾಕಿದ್ದು, ಹಾಕದೇ ಇರೋದು ಎರಡನ್ನೂ ಒಂದೇ ಮೇಜಲ್ಲಿ ಇಟ್ರಿ. ಮಗಳ ವಿಷಯದಲ್ಲೂ ಅದನ್ನೇ ಮಾಡ್ತಾ ಇದ್ದೀರಿ. ಆಗಿದ್ದು ಎಷ್ಟು, ಆಗದೇ ಇರೋದು ಎಷ್ಟು, ಬೇರೆ ಬೇರೆ ಇಡಿ ತಾಯಿ." ಲೋಟ ತೊಳೆಯಲು ಎದ್ದು ಹೋದರು.

ದೊಡ್ಡ ಮಾತು ಹೇಳಿಬಿಟ್ಟೆ ಅಂದುಕೊಂಡಿರಬೇಕು. ದಿನವೆಲ್ಲ ಅವರ ಜೊತೆ ಮಾತು ಬಿಟ್ಟೆ.

ಮಾರ್ಚ್ ೧೪, ಶುಕ್ರವಾರ

ಸುಮ್ಮನೆ ಮಾಡಿ ನೋಡೋಣ ಎಂದು ಕೂತೆ. ಪುಸ್ತಕ ಬಿಚ್ಚಿದರೆ ಎರಡು ಪುಟ ಇದ್ದೇ ಇದೆ. ಎಡಗಡೆ ಇನ್ನೂ ಆಗದ್ದು. ಬಲಗಡೆ ಆದದ್ದು.

ಎಡಗಡೆ: ಮಗಳಿಗೆ ಏನಾದರೂ ಆಗಿಬಿಟ್ಟರೆ. ಮಗು ಉಳಿಯದಿದ್ದರೆ. ಇಬ್ಬರೂ. ಬಿ.ಪಿ. ಏರಿ ಕಣ್ಣು ಹೋದರೆ. ಡಾಕ್ಟರು ಊರಲ್ಲಿ ಇಲ್ಲದಿದ್ದರೆ. ಲಿಫ್ಟು ನಿಂತುಬಿಟ್ಟರೆ. ರಕ್ತ ಸಿಗದಿದ್ದರೆ. ಮಗಳು ಜನ್ಮದಲ್ಲಿ ನನ್ನ ಜೊತೆ ಮಾತಾಡದಿದ್ದರೆ. ನನ್ನ ಪಾಪಕ್ಕೆ ಅವಳಿಗೆ ಶಿಕ್ಷೆಯಾದರೆ.

ಪುಟ ಸಾಲಲಿಲ್ಲ, ಅಂಚಿನಲ್ಲೂ ಬರೆದೆ.

ಬಲಗಡೆ: ಬಿ.ಪಿ. ಸ್ವಲ್ಪ ಜಾಸ್ತಿ. ಮಾತ್ರೆ ಕೊಟ್ಟಿದ್ದಾರೆ. ತೆಗೆದುಕೊಳ್ಳುತ್ತಿದ್ದಾಳೆ, ಅಳಿಯಂದಿರು ಹೇಳಿದರು.

ಬಲಗಡೆ ಇನ್ನೇನಾದರೂ ಇದೆಯೇ ಎಂದು ಬಹಳ ಹೊತ್ತು ಹುಡುಕಿದೆ. ಇರಲಿಲ್ಲ. ಇದರಿಂದ ಏನು ಪ್ರಯೋಜನವೋ ಕಾಣೆ. ಮೇಸ್ತ್ರಿಗೆ ಬ್ರೆಡ್ಡು ಗೊತ್ತು, ಬದುಕು ಗೊತ್ತಿಲ್ಲ.

ಮಾರ್ಚ್ ೨೦, ಗುರುವಾರ

ಇವತ್ತು ಅಕ್ಕನ ವಿಷಯ ಎಡಗಡೆ ಬರೆಯಲು ಹೋದೆ. "ಅಕ್ಕನ ಹಾಗೆ ಆದರೆ" ಎಂದು ಬರೆದೆ. ಆಮೇಲೆ ಯೋಚಿಸಿದೆ, ಅಕ್ಕನದು ಆಗಿಹೋದದ್ದಲ್ಲವೇ. ಅದು ಬಲಗಡೆಗೆ ಸೇರಬೇಕು. ಹಾಗಾದರೆ ಏನೇನಾಯಿತು ಅಂತ ಬರೆಯಬೇಕು. ಮೂವತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಸರಿಯಾಗಿ ನೆನೆದಿಲ್ಲ. ನೆನೆದಾಗಲೆಲ್ಲ ಅಳು ಬಂದು ಅಲ್ಲಿಗೇ ನಿಲ್ಲುತ್ತಿತ್ತು.

ಬಲಗಡೆ: ನನಗೆ ಹನ್ನೊಂದು ವರ್ಷ. ಬೆಳಿಗ್ಗೆ ಅಕ್ಕನಿಗೆ ನೋವು ಶುರುವಾಯಿತು. ಮಧ್ಯಾಹ್ನ ರಕ್ತ ಹೋಗಲು ಶುರುವಾಯಿತು. ಮನೆ ತುಂಬ ಹೆಂಗಸರು. ಅಮ್ಮ ಎದೆ ಬಡಿದುಕೊಳ್ಳುತ್ತಿದ್ದಳು. ದೊಡ್ಡಮ್ಮ ದೇವರನ್ನು ಕೂಗುತ್ತಿದ್ದಳು. ಎಲ್ಲರೂ ಅಳುತ್ತಿದ್ದರು. ಆಸ್ಪತ್ರೆ ಆರು ಮೈಲಿ. ಗಾಡಿ ಅಂಗಳದಲ್ಲಿತ್ತು. ಎತ್ತು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತಿತ್ತು. ಸಂಜೆಗೆ ಅಪ್ಪ ಹೊಲದಿಂದ ಬಂದು ಗಾಡಿ ಕಟ್ಟಿದರು. ದಾರಿಯಲ್ಲೇ ಪ್ರಾಣ ಬಿಟ್ಟಳು.

ಗಾಡಿ ಬೆಳಿಗ್ಗೆಯಿಂದ ಅಂಗಳದಲ್ಲಿತ್ತು.

ಇಷ್ಟು ಬರೆದು ಪುಸ್ತಕ ಮುಚ್ಚಿದೆ.

ಮಾರ್ಚ್ ೨೧, ಶುಕ್ರವಾರ

ಮೇಸ್ತ್ರಿಗೆ ಟೀ ನಾನೇ ತಂದುಕೊಟ್ಟೆ. "ಓಹೋ, ಸಂಧಾನವೋ?" ಅಂದರು. "ಟೀ" ಅಂದೆ.

ಏಪ್ರಿಲ್ ೧, ಮಂಗಳವಾರ

ಮಗಳು ಫೋನ್ ಮಾಡಿದ್ದಳು. ಬಿ.ಪಿ. ನೂರಾ ನಲವತ್ತೆರಡಂತೆ, ಮಾತ್ರೆ ಹೆಚ್ಚಿಸಿದ್ದಾರಂತೆ.

"ದಿನಕ್ಕೆ ಎಷ್ಟು ಸಲ ತಗೋಬೇಕು?" ಅಂದೆ.

"ಮೂರು ಸಲ."

"ಮಗು ಒದೀತಾ ಇದೆಯಾ?"

"ಒದೀತಾ ಇದೆ."

"ಸರಿ, ಮಲಕ್ಕೋ."

"ಅಷ್ಟೇನಾ?" ಅಂದಳು.

"ಅಷ್ಟೇ. ಇನ್ನೇನು?"

"ಅಮ್ಮ, ನೀನು ಹುಷಾರಾಗಿದ್ದೀಯ ತಾನೇ? ಜ್ವರಗಿರ ಏನಾದ್ರೂ..."

ಹುಚ್ಚು ಹುಡುಗಿ.

ದೇವರ ಮುಂದೆ ಕೂತೆ. ಹರಕೆ ಹೇಳಲು ಹೊಸದೇನೂ ಹೊಳೆಯಲಿಲ್ಲ. ಸುಮ್ಮನೆ ಕೂತಿದ್ದು ಎದ್ದೆ. ನನಗೆ ಭಕ್ತಿ ಕಮ್ಮಿಯಾಗುತ್ತಿದೆಯೋ ಏನೋ. ಕ್ಷಮಿಸಪ್ಪಾ.

ಏಪ್ರಿಲ್ ೬, ಭಾನುವಾರ

ಅಳಿಯಂದಿರು ಬಂದು ಬಾಗಿಲಲ್ಲಿ ನಿಂತಿದ್ದರು. "ಅತ್ತೆ, ಅವಳು ನಿಮ್ಮನ್ನ ಕರ್ಕೊಂಡು ಬಾ ಅಂದಳು. ಆದ್ರೆ ಒಂದು ಷರತ್ತು ಅಂತೆ, ಅದನ್ನ ನಾನು ಹೇಳಲ್ಲ, ನಿಮಗೇ ಗೊತ್ತು."

ಹೋದೆ. ಮಗಳ ಕಾಲು ಊದಿದೆ. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ಹಾಗೇ ನಿಲ್ಲುತ್ತದೆ, ಉಬ್ಬಿದ ಹಿಟ್ಟಿಗೆ ಬೆರಳಿಟ್ಟ ಹಾಗೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಅವಳ ಕಾಲನ್ನೇ ನೋಡುತ್ತಿದ್ದೆ.

"ಇದನ್ನ ನರ್ಸಮ್ಮಂಗೆ ತೋರಿಸಿದ್ಯಾ?"

"ತೋರಿಸಿದ್ದೀನಿ. ಇಷ್ಟು ಊತ ಇರುತ್ತಂತೆ. ಬೇರೆ ಏನಾದ್ರೂ ಆದ್ರೆ ಮಾತ್ರ ತಡ ಮಾಡಬೇಡಿ ಅಂತ ಚೀಟಿ ಕೊಟ್ಟಿದ್ದಾರೆ."

ಚೀಟಿ ಗೋಡೆಗೆ ಅಂಟಿಸಿದ್ದಾಳೆ. ನೋಡಿ ಬರೆದುಕೊಂಡು ಬಂದೆ. ಎಡಗಡೆ: ಬಿಡದ ತಲೆನೋವು. ಕಣ್ಣಿಗೆ ಮಿಂಚು ಹೊಡೆದಂತೆ. ಪಕ್ಕೆಲುಬಿನ ಕೆಳಗೆ ನೋವು. ಇದರಲ್ಲಿ ಒಂದಾದರೂ ಆದರೆ ಕೂಡಲೇ ಫೋನ್, ಕೂಡಲೇ ಆಸ್ಪತ್ರೆ. ಕೆಳಗೆ ನಂಬರು.

ಹಳೆಯ ಎಡಗಡೆ ಪುಟಗಳನ್ನು ತಿರುವಿ ಹಾಕಿದೆ. ಲಿಫ್ಟು ನಿಂತುಬಿಟ್ಟರೆ ಅಂತ ಬರೆದಿದ್ದೇನೆ. ಆ ಆಸ್ಪತ್ರೆಗೆ ಇರುವುದೇ ಒಂದು ಮಹಡಿ, ಲಿಫ್ಟೇ ಇಲ್ಲ. ಒಬ್ಬಳೇ ಕೂತು ನಕ್ಕೆ.

ಏಪ್ರಿಲ್ ೧೦, ಗುರುವಾರ

ಕೆಲಸ, ಮನೆ. ಬರೆಯುವಂಥದ್ದು ಏನೂ ಇಲ್ಲ.

ಏಪ್ರಿಲ್ ೧೬, ಬುಧವಾರ

ನಿನ್ನೆ ಬರೆಯಲು ಆಗಲಿಲ್ಲ. ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಹತ್ತಕ್ಕೆ ಕೆಲಸ ಮುಗಿಸಿ ಮಗಳ ಮನೆಗೆ ಹೋದೆ. ಅಳಿಯಂದಿರು ಹಿಂದಿನ ದಿನವೇ ಲಾರಿಯಲ್ಲಿ ಹೋಗಿದ್ದರು, ಬರುವುದು ನಾಳೆ. ಅವಳು ಕಿಟಕಿಗೆ ಬಟ್ಟೆ ಅಡ್ಡ ಕಟ್ಟಿ ಹಣೆ ಒತ್ತಿಕೊಂಡು ಕೂತಿದ್ದಳು.

"ತಲೆ ಸಿಡೀತಾ ಇದೆ ಅಮ್ಮ. ನಿದ್ದೆ ಮಾಡಿದ್ರೆ ಸರಿಹೋಗುತ್ತೆ."

"ಯಾವಾಗಿಂದ?"

"ಎಂಟು ಗಂಟೆಯಿಂದ."

"ಕಣ್ಣಿಗೆ ಏನಾದ್ರೂ ಕಾಣ್ತಿದೆಯಾ?"

"ಮಿಣುಕು ಹುಳ ಹಾರಿದ ಹಾಗೆ. ಆಗಿಂದ."

'ಅಯ್ಯೋ' ಎನ್ನುವುದು ಗಂಟಲವರೆಗೂ ಬಂತು. ಮೇಜಿನ ಮೇಲೆ ಅವಳು ನೀರು ಕುಡಿದಿಟ್ಟ ಲೋಟ ಇತ್ತು. ಅದನ್ನು ಎಡಗಡೆಯಿಂದ ಎತ್ತಿ ಬಲಗಡೆ ಇಟ್ಟೆ. ಯಾಕೆ ಇಟ್ಟೆನೋ. ಹಾಗೆ ಇಟ್ಟ ಮೇಲೆ ಫೋನ್ ಎಲ್ಲಿದೆ ಅಂತ ಕಾಣಿಸಿತು.

ಆಸ್ಪತ್ರೆಗೆ ಮಾಡಿದೆ. "ಮೂವತ್ತೈದನೇ ವಾರ. ಚೊಚ್ಚಲು. ಮೊದಲಿಂದ ಬಿ.ಪಿ. ಇದೆ, ದಿನಕ್ಕೆ ಮೂರು ಮಾತ್ರೆ. ಬೆಳಿಗ್ಗೆ ಎಂಟರಿಂದ ತಲೆನೋವು, ಕಣ್ಣಿಗೆ ಮಿಂಚು. ಹೊಟ್ಟೆನೋವಿಲ್ಲ. ರಕ್ತ ಹೋಗ್ತಿಲ್ಲ. ಮಗು ಒದೀತಾ ಇದೆ" ಅಂದೆ.

ಆ ಕಡೆಯವಳು ಕೇಳಿದಳು, "ಯಾರು ಮಾತಾಡ್ತಿರೋದು, ನರ್ಸಾ?"

"ಅಲ್ಲಮ್ಮ, ಬೇಕರಿ."

ಈಗಲೇ ಕರೆದುಕೊಂಡು ಬನ್ನಿ ಅಂದಳು. ಆಂಬುಲೆನ್ಸು ಬರಲು ನಲವತ್ತು ನಿಮಿಷವಂತೆ. ಹತ್ತೂಕಾಲು ಆಗಿತ್ತು. ಆ ಹೊತ್ತಿಗೆ ನಮ್ಮ ಬ್ರೆಡ್ಡಿನ ವ್ಯಾನು ಮೊದಲನೇ ಸುತ್ತು ಮುಗಿಸಿ ಬೇಕರಿ ಮುಂದೆ ನಿಂತಿರುತ್ತದೆ. ಮೇಸ್ತ್ರಿಗೆ ಫೋನ್ ಮಾಡಿ, "ಗಾಡಿ ಕಳಿಸಿ" ಅಂದೆ. ಅವರು ಯಾಕೆ ಏನು ಅಂತ ಒಂದು ಮಾತೂ ಕೇಳಲಿಲ್ಲ. ಐದೇ ನಿಮಿಷ. ಗಾಡಿ ಬಂತು. ಓಡಿಸಿಕೊಂಡು ಬಂದವರು ಅವರೇ, ಏಪ್ರನ್ನೂ ಬಿಚ್ಚಿರಲಿಲ್ಲ.

ಹಿಂದುಗಡೆ ಟ್ರೇಗಳನ್ನು ಸರಿಸಿ, ಖಾಲಿ ಹಿಟ್ಟಿನ ಚೀಲ ಹಾಸಿ ಮಗಳನ್ನು ಎಡ ಮಗ್ಗುಲಿಗೆ ಮಲಗಿಸಿದೆ. "ಅಮ್ಮ, ಬನ್ನಿನ ವಾಸನೆ" ಅಂದಳು. "ಒಂದು ಕೂಡ ಉಳಿದಿಲ್ಲ, ಆಸೆ ಪಡಬೇಡ" ಎಂದು ಮೇಸ್ತ್ರಿ ಮುಂದಿನಿಂದ ಕೂಗಿದರು.

ಆಸ್ಪತ್ರೆಯಲ್ಲಿ ಅದೇ ದಪ್ಪ ಕನ್ನಡಕದ ನರ್ಸಮ್ಮ. ಪಟ್ಟಿ ಸುತ್ತಿದರು. ನೂರಾ ಎಪ್ಪತ್ತೆರಡು. ನನ್ನ ಕಡೆ ತಿರುಗಿ, "ಅಮ್ಮಾ, ನೀವು ಹೊರಗೆ..." ಎನ್ನುವಷ್ಟರಲ್ಲಿ ಮಗಳು ನನ್ನ ಎರಡು ಬೆರಳು ಹಿಡಿದುಕೊಂಡಳು.

"ಅಮ್ಮ ಇಲ್ಲೇ ಇರಲಿ" ಅಂದಳು.

ಸೂಜಿಮದ್ದು ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೋಡಿದರು. ನೂರಾ ಐವತ್ತೆಂಟು. ನರ್ಸಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಹದಿನಾಲ್ಕು ಇಳೀತು" ಅಂದರು.

"ಅದು ಔಷಧಿ ಪಾಲು" ಅಂದೆ.

ಡಾಕ್ಟರು ಬಂದು, ಇನ್ನು ಕಾಯುವುದು ಬೇಡ, ಆಪರೇಷನ್ ಮಾಡಿ ತೆಗೆಯೋಣ ಅಂದರು. ಏನೇನು ಆಗಬಹುದು ಎಂದು ಹೇಳಿದರು. ಎಲ್ಲ ಕೇಳಿಸಿಕೊಂಡೆ. ಫೋನಿನಲ್ಲಿ ಅಳಿಯಂದಿರಿಗೂ ಹೇಳಿಸಿದೆ. ಮಗಳು ಸಹಿ ಹಾಕಿದಳು, ಅವಳ ಕೆಳಗೆ ನಾನು ಹಾಕಿದೆ. ಅಕ್ಷರ ನೆಟ್ಟಗೇ ಬಂತು.

ಆಪರೇಷನ್ ಕೋಣೆಯಲ್ಲಿ ಉಟ್ಟ ಬಟ್ಟೆಯ ಮೇಲೇ ಒಂದು ನಿಲುವಂಗಿ ತೊಡಿಸಿ, ಅವಳ ತಲೆಯ ಹತ್ತಿರ ನನಗೊಂದು ಸ್ಟೂಲು ಕೊಟ್ಟರು. ನಡುವೆ ಹಸಿರು ಬಟ್ಟೆ. ಆ ಕಡೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಮಗಳ ಹಲ್ಲು ಕಟಕಟ ಅನ್ನುತ್ತಿತ್ತು. "ಏನಾದ್ರೂ ಮಾತಾಡಮ್ಮ" ಅಂದಳು.

ದೇವರ ನಾಮ ಹೇಳಬೇಕಿತ್ತು. ಒಂದೂ ನಾಲಿಗೆಗೆ ಬರಲಿಲ್ಲ. ದಿನಾ ಬಾಯಿಗೆ ಬರುವುದೇ ಬಂತು.

"ಹಿಟ್ಟು ಇಪ್ಪತ್ತೈದು ಕಿಲೋ, ಬಲಗಡೆಗೆ. ನೀರು ಹದಿನೈದು, ಬಲಗಡೆಗೆ. ಸಕ್ಕರೆ ಒಂದು ಕಿಲೋ, ಬಲಗಡೆಗೆ. ಉಪ್ಪು ಅರ್ಧ ಕಿಲೋ..."

"ಒಂದೇ ಸಲ ಹಾಕು" ಅಂದಳು ಮಗಳು. ಯಾರು ಹೇಳಿದ್ದರೋ ಅವಳಿಗೆ. ಮೇಸ್ತ್ರಿಯ ಬಾಯಿ ದೊಡ್ಡದು.

"ಒಂದೇ ಸಲ. ಬಲಗಡೆಗೆ. ಯೀಸ್ಟು ಅರ್ಧ ಕಿಲೋ, ಬಲಗಡೆಗೆ. ಎಣ್ಣೆ..."

ಎಣ್ಣೆ ಎಷ್ಟು ಅಂತ ಹೇಳುವಷ್ಟರಲ್ಲಿ ಬಟ್ಟೆಯ ಆ ಕಡೆಯಿಂದ ಅಳು ಕೇಳಿತು. ಸಣ್ಣ ಅಳು. ಬೆಕ್ಕಿನ ಮರಿಯದಕ್ಕಿಂತ ಸ್ವಲ್ಪ ದೊಡ್ಡದು.

ಹೆಣ್ಣು. ಪುಟ್ಟ ತಕ್ಕಡಿ ತಂದು ಮಲಗಿಸಿದರು. ಅಂಕಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಅಲ್ಲಿದ್ದ ಹುಡುಗಿ ಬರೆದುಕೊಳ್ಳಲು ಹೋದಳು. "ತಡಿಯಮ್ಮ, ಇನ್ನೂ ನಿಂತಿಲ್ಲ" ಅಂದೆ. ನಿಂತಿತು. ಒಂದು ಕಿಲೋ ಒಂಬೈನೂರ ಇಪ್ಪತ್ತು ಗ್ರಾಂ.

ಸಂಜೆ ಮಗಳಿಗೆ ನಿದ್ದೆ ಬಂದ ಮೇಲೆ ಮನೆಗೆ ಬಂದೆ. ಬೆಳಿಗ್ಗೆ ಕಟ್ಟಿದ ನನ್ನ ಏಪ್ರನ್ ಇನ್ನೂ ಸೊಂಟದಲ್ಲೇ ಇತ್ತು. ಗಂಟು ಬಿಚ್ಚಲು ಬರಲಿಲ್ಲ. ಅಲ್ಲೇ ಬಾಗಿಲ ಹಿಂದೆ ಕೂತು ಅರ್ಧ ಗಂಟೆ ಅತ್ತೆ. ಒಂದು ಗಂಟು ಬಿಚ್ಚಲಿಲ್ಲ ಎಂದು ಇಷ್ಟು ಅಳುವವರುಂಟೇ. ನಾನು ಯಾವತ್ತೂ ಹೀಗೆಯೇ, ಎಲ್ಲದಕ್ಕೂ ಅಳು.

ಏಪ್ರಿಲ್ ೨೦, ಭಾನುವಾರ

ಮಗು ಬೆಚ್ಚನೆಯ ಪೆಟ್ಟಿಗೆಯಲ್ಲಿದೆ. ನಮ್ಮಲ್ಲಿ ಹಿಟ್ಟು ಉಬ್ಬಲು ಇಡುವ ಪೆಟ್ಟಿಗೆಯ ಹಾಗೇ ಇದೆ ಎಂದೆ. ನರ್ಸಮ್ಮ ನಕ್ಕು, "ಇದಕ್ಕೆ ಬೇಕರಿ ವಾರ್ಡು ಅಂತ ಬೋರ್ಡು ಹಾಕ್ತೀನಿ" ಅಂದರು. ಮಗಳ ಬಿ.ಪಿ. ನೂರಾ ಮೂವತ್ತಾರು. ಇನ್ನೂ ಸ್ವಲ್ಪ ದಿನ ಮಾತ್ರೆ ಬೇಕಂತೆ. ಅಳಿಯಂದಿರು ಗಾಜಿನ ಆಚೆ ನಿಂತು ಲಾರಿಯ ಹಾರ್ನ್ ಹೊಡೆದ ಹಾಗೆ ಬಾಯಲ್ಲಿ ಸದ್ದು ಮಾಡುತ್ತಾರೆ. ಮಗು ಕಣ್ಣು ಬಿಡುವುದಿಲ್ಲ.

ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು, ನನ್ನದೇ ವಯಸ್ಸು. ಸೊಸೆಯನ್ನು ಒಳಗೆ ಕರೆದುಕೊಂಡು ಹೋಗಿದ್ದಾರಂತೆ. "ಏನಾಗುತ್ತೋ ಏನೋ, ಏನಾಗುತ್ತೋ ಏನೋ" ಎಂದು ತೊಡೆ ಬಡಿದುಕೊಳ್ಳುತ್ತಿದ್ದಳು. ಪಕ್ಕದಲ್ಲಿ ಕೂತೆ. ಟೀ ತಂದುಕೊಟ್ಟೆ. "ಇಲ್ಲಿತನಕ ಏನಾಯ್ತು, ಅದನ್ನ ಹೇಳಿ" ಅಂದೆ. ಹೇಳಿದಳು. ಅಷ್ಟರಲ್ಲಿ ನನ್ನ ಬಸ್ಸಿನ ಹೊತ್ತಾಯಿತು, ಎದ್ದು ಬಂದೆ.

ಬಲಗಡೆ: ಮಗಳು ಎದ್ದು ನಾಲ್ಕು ಹೆಜ್ಜೆ ನಡೆದಳು. ಮಗು ಇಪ್ಪತ್ತು ಗ್ರಾಂ ಇಳಿದಿದೆ, ಮೊದಲು ಹಾಗೆ ಇಳಿದೇ ಏರುವುದಂತೆ. ನನ್ನ ಬೆರಳು ಹಿಡಿಯಿತು.

ಎಡಗಡೆ: ಕುಲಾವಿ ಎರಡು, ಹೊಲಿಯಬೇಕು. ಮಗಳ ಬಾಚಣಿಗೆ ತೆಗೆದುಕೊಂಡು ಹೋಗಬೇಕು. ಹೆಸರು ಇನ್ನೂ ಇಟ್ಟಿಲ್ಲ.